ಹಲ್ಮಿಡಿಯಿಂದ ಹೊರಟವರು

ನಮ್ಮ ಬಡಾವಣೆಯ ಸಂಘದ ಕಾರ್ಯಕ್ರಮಗಳಿಗೆಲ್ಲ ನಿರೂಪಕ ನಾನೇ. ನಿರೂಪಣೆ ಅಂದರೆ ಜನಕ್ಕೆ ಕಾಣುವುದು ಮೈಕು. ಅಸಲಿ ಕೆಲಸ ಚೀಟಿ ಬರೆಯುವುದು. ಜೇಬಿನಲ್ಲಿ ಒಂದು ಕಟ್ಟು ಇಟ್ಟುಕೊಂಡೇ ವೇದಿಕೆ ಹತ್ತುತ್ತೇನೆ. ಅದರಲ್ಲಿ ಮುಕ್ಕಾಲು ಪಾಲು ಖರ್ಚಾಗುವುದು ಒಬ್ಬರಿಗೇ.

ನಿಮ್ಮ ಬಡಾವಣೆಯಲ್ಲೂ ಅವರಿದ್ದಾರೆ. ಬ್ಯಾಂಕಿನಿಂದಲೋ ಕೆಇಬಿಯಿಂದಲೋ ನಿವೃತ್ತರು, ಗರಿಗರಿ ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು. "ನಾನೇನೂ ಭಾಷಣಕಾರನಲ್ಲ, ಎರಡೇ ಎರಡು ಮಾತು" ಅಂತ ಎದ್ದು ನಿಲ್ಲುತ್ತಾರೆ. ಬೆನ್ನ ಹಿಂದೆ ಅವರ ಹೆಸರೇ ಎರಡ್ಮಾತಿನವರು.

ಎರಡು ಮಾತಿನಲ್ಲಿ ಮೊದಲನೆಯದು ವೇದಿಕೆಯ ಮೇಲೆ ಕೂತವರ ಹೆಸರುಗಳು. ಅಧ್ಯಕ್ಷರಿಂದ ಹಿಡಿದು ಶಾಮಿಯಾನದವನವರೆಗೆ ಯಾರನ್ನೂ ಬಿಡುವುದಿಲ್ಲ. ಬಿಟ್ಟೆನೇನೋ ಅನ್ನಿಸಿದರೆ ಮತ್ತೆ ಮೊದಲಿಂದ. ಎರಡನೆಯ ಮಾತು ಹಲ್ಮಿಡಿ ಶಾಸನದಿಂದ ಶುರು. ರಾಜ್ಯೋತ್ಸವಕ್ಕಾದರೆ ಸರಿ, ರಕ್ತದಾನ ಶಿಬಿರಕ್ಕೂ ಹಲ್ಮಿಡಿಯೇ. ಐದನೆಯ ಶತಮಾನದಲ್ಲಿ ಹೊರಟ ಬಸ್ಸು ಕದಂಬರು, ಗಂಗರು, ಚಾಲುಕ್ಯರು ಅಂತ ಎಲ್ಲ ಸ್ಟಾಪಿನಲ್ಲೂ ನಿಂತು ನಿಂತು ಹೊಯ್ಸಳರನ್ನು ಮುಟ್ಟಲು ಮೂವತ್ತೈದು ನಿಮಿಷ. ಹಲ್ಮಿಡಿ ಇರುವುದೇ ಬೇಲೂರು ತಾಲ್ಲೂಕಿನಲ್ಲಿ. ನಡೆದುಕೊಂಡೇ ಹೊರಟಿದ್ದರೂ ಇಷ್ಟು ಆಯಾಸವಾಗುತ್ತಿರಲಿಲ್ಲ. ಅಲ್ಲಿಗೆ ನನ್ನ ಮೂರನೇ ಚೀಟಿ ಹೋಗಿರುತ್ತದೆ, ಊಟದ ಸಾಲೂ ಎದ್ದಿರುತ್ತದೆ. 1956ರ ನವೆಂಬರ್ 1 ಅವರ ಕೈಗೆ ಒಮ್ಮೆಯೂ ಸಿಕ್ಕಿಲ್ಲ. ಅವರ ಭಾಷಣದಲ್ಲಿ ಕರ್ನಾಟಕ ಈವರೆಗೆ ಏಕೀಕರಣಗೊಂಡಿಲ್ಲ.

ಚೀಟಿಗೆ ಅವರು ಬಗ್ಗುವವರೂ ಅಲ್ಲ. ಕನ್ನಡಕ ಏರಿಸಿ, ಬಿಡಿಸಿ, ಮೈಕಿನಲ್ಲೇ ಓದುತ್ತಾರೆ: "ಸಮಯದ ಅಭಾವವಿದೆ ಅಂತ ನಿರೂಪಕರು ನೆನಪಿಸಿದ್ದಾರೆ. ಸಮಯ ಅಂದಾಗ ಒಂದು ಮಾತು ಹೇಳಲೇಬೇಕು..." ಹೀಗೆ ನನ್ನ ಚೀಟಿಯಿಂದಲೇ ಹತ್ತು ನಿಮಿಷ ಹೆಚ್ಚಾದದ್ದೂ ಉಂಟು.

ಈ ಸಲ ನಾವು ಗೊತ್ತು ಮಾಡಿದ್ದ ಸಾಹಿತಿಗಳಿಗೆ ಒಂದೇ ದಿನ ನಾಲ್ಕು ಕಡೆ ರಾಜ್ಯೋತ್ಸವ. ಅವರು ಕೈಕೊಟ್ಟರು. ಮುಖ್ಯ ಭಾಷಣ ಎರಡ್ಮಾತಿನವರ ಪಾಲಿಗೆ ಬಂತು. ಬಂದದ್ದೇ ತಡ, ಅವರಲ್ಲೊಂದು ವಿಚಿತ್ರ ವಿನಯ ಕಾಣಿಸಿಕೊಂಡಿತು. "ಈ ಸಲ ಕಲಿತು ಮಾತಾಡ್ತೀನಿ ಕಣ್ರೀ" ಅಂದರು.

ಅಳಿಯ ಅವರನ್ನು ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿನ ಸಭೆಗೆ ಕರೆದೊಯ್ದ. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಸ್ಮೆಡ್ಲಿ ಎಂಬುವರು ಶುರು ಮಾಡಿದ್ದು. ಅಲ್ಲಿ ಸಮಯ ನೋಡಿಕೊಳ್ಳಲಿಕ್ಕೇ ಒಬ್ಬರು, ಮಾತಿನ ನಡುವಿನ 'ಆಂ', 'ಊಂ' ಎಣಿಸಲಿಕ್ಕೇ ಇನ್ನೊಬ್ಬರು. ಅತಿಥಿಗೂ ಒಂದು ವಿಷಯ ಕೊಟ್ಟು ನಿಂತ ಕಾಲ ಮೇಲೆ ಮಾತಾಡಿಸಿದರು. ಒಂದು ನಿಮಿಷಕ್ಕೆ ಹಸಿರು, ಒಂದೂವರೆಗೆ ಹಳದಿ, ಎರಡಕ್ಕೆ ಕೆಂಪು. ಕೆಂಪು ಬಿದ್ದಾಗ ನಮ್ಮವರು ಆಹ್ವಾನಿಸಿದ್ದಕ್ಕೆ ಕೃತಜ್ಞತೆ ಹೇಳುತ್ತಿದ್ದರಂತೆ. "ಸಿಗ್ನಲ್ಲಿನಲ್ಲಿ ಕೆಂಪು ಬಿದ್ದಮೇಲೂ ನಾಲ್ಕು ಗಾಡಿ ಹೋಗಲ್ವಾ?" ಅನ್ನುವುದು ಅವರ ವಾದ. ಲೆಕ್ಕದವರು ಕೊನೆಗೆ ವರದಿ ಓದಿದರು: 'ಏನಪ್ಪಾ ಅಂದ್ರೆ' ಹತ್ತೊಂಬತ್ತು ಸಲ. ಮರುದಿನ ವಾಕಿಂಗಿನಲ್ಲಿ ಸಿಕ್ಕಾಗ ಬೀಗಿದರು: "ಹತ್ತೊಂಬತ್ತು ಕಣ್ರೀ. ಅವತ್ತು ಅದೇ ಜಾಸ್ತಿ."

ಮುಂದಿನ ಪಾಠ ಒಂಬತ್ತನೇ ಕ್ಲಾಸಿನ ಮೊಮ್ಮಗಳದು. ಚರ್ಚಾಸ್ಪರ್ಧೆಯಲ್ಲಿ ಕಪ್ಪು ಗೆದ್ದವಳು. ನಾನು ಹೋದಾಗ ಟೀಪಾಯಿ ತುಂಬ ಹಳೆಯ ಲಗ್ನಪತ್ರಿಕೆಗಳು, ಅವುಗಳ ಖಾಲಿ ಬೆನ್ನಿನಲ್ಲಿ ಭಾಷಣ. ಒಂದು ಕಡೆ ಹಲ್ಮಿಡಿ, ತಿರುಗಿಸಿದರೆ ಚಿ.ಸೌ. ನಿಮಿಷಕ್ಕೆ ನೂರಿಪ್ಪತ್ತು ಪದ, ಹತ್ತು ನಿಮಿಷಕ್ಕೆ ಸಾವಿರದಿನ್ನೂರು ಸಾಕು ಅಂತ ಹುಡುಗಿಯ ಲೆಕ್ಕ. ಅಷ್ಟು ಪದ ತಾತನಿಗೆ ಗಣ್ಯರಿಗೇ ಸಾಲದು. ಅವಳು ಲಿಂಕನ್ ಕಥೆ ಹೇಳಿದಳು. 1863ರಲ್ಲಿ ಗೆಟಿಸ್‌ಬರ್ಗಿನಲ್ಲಿ ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತಾಡಿದರು, ಆಮೇಲೆ ಲಿಂಕನ್ ಎರಡೇ ನಿಮಿಷ. ಲೋಕ ನೆನೆಯುವುದು ಆ ಎರಡು ನಿಮಿಷವನ್ನು. ತಾತನ ಕರುಳು ಚುರುಕ್ ಅಂದದ್ದು ಮಾತ್ರ ಎವರೆಟ್ಟಿಗಾಗಿ. "ಪಾಪ, ಮುಖ್ಯ ಭಾಷಣಕಾರರು ಅವರೇ ತಾನೇ?"

"ಹೌದು ತಾತ. ಮಾರನೇ ದಿನ ಅವರೇ ಲಿಂಕನ್‌ಗೆ ಹೊಗಳಿ ಕಾಗದ ಬರೆದ್ರು."

"ನೋಡಿ, ಅಲ್ಲೂ ಚೀಟಿ" ಅಂತ ನನ್ನ ಕಡೆ ತಿರುಗಿದರು.

ಹುಡುಗಿ ಲಗ್ನಪತ್ರಿಕೆಗಳನ್ನೆಲ್ಲ ಒಟ್ಟುಮಾಡಿ ಕೇಳಿದಳು: "ಅದಿರಲಿ, ಇದರಲ್ಲಿ ನೀವು ಹೇಳೋದೇನು?"

"ಹೇಳೋದೇನಿರತ್ತೆ? ಭಾಷಣ ಕಣೇ ಇದು!"

ಎರಡು ನಿಮಿಷ ಯಾರೂ ಮಾತಾಡಲಿಲ್ಲ. ನಾನು ಕಾಫಿ ಲೋಟ ನೋಡಿಕೊಂಡು ಕೂತೆ. ನಿಜ ಹೇಳಬೇಕೆಂದರೆ ನನ್ನ ನಿರೂಪಣೆಗೂ ಆ ಪ್ರಶ್ನೆ ಬಡಿದಿತ್ತು.

ರಾಜ್ಯೋತ್ಸವದ ಸಂಜೆ ಎರಡ್ಮಾತಿನವರು ಎದ್ದರು. ಮೈಕನ್ನು ಕುಟ್ಟಲಿಲ್ಲ, ಊದಲಿಲ್ಲ, ಬಾಯಿಂದ ನಾಲ್ಕು ಬೆರಳು ದೂರ ಹಿಡಿದರು. ಗಣ್ಯರ ಹೆಸರೂ ಇಲ್ಲ. "ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದ 1973ರಲ್ಲಿ ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದೆ" ಅಂತ ನೇರ ಶುರು. ಅಧ್ಯಕ್ಷರು ತಮ್ಮ ಹೆಸರು ಬರಲಿಲ್ಲವಲ್ಲ ಅಂತ ಪಕ್ಕಕ್ಕೆ ನೋಡಿದರು. ಹಣ ತೆಗೆಯುವ ಚೀಟಿ ಇಂಗ್ಲಿಷಿನಲ್ಲಿದ್ದದ್ದು, ಸೊಪ್ಪು ಮಾರುವ ಮುದುಕಿಯೊಬ್ಬಳು ತಿಂಗಳು ತಿಂಗಳು ಹೆಬ್ಬೆಟ್ಟು ಒತ್ತುತ್ತಿದ್ದದ್ದು, ಇವರು ಊಟದ ಬಿಡುವಿನಲ್ಲಿ ಚೀಟಿಯ ಬೆನ್ನಿನ ಮೇಲೆ ಅವಳ ಹೆಸರನ್ನು ಕನ್ನಡದಲ್ಲಿ ಬರೆಯಲು ಕಲಿಸಿದ್ದು. ಅವಳು ಮೊದಲ ಸಲ ಸಹಿ ಹಾಕಿ, ಅದು ಒಣಗಲಿ ಅಂತ ಸೆರಗಿನಿಂದ ಗಾಳಿ ಬೀಸಿದ್ದು. ಸೆರಗಿನ ಮಾತು ಬಂದಾಗ ಕೈ ತಾನಾಗಿ ಎದ್ದು ಬೀಸಿತು. ಹಿಂದಿನ ಸಾಲಿನಲ್ಲಿ ಮೊಬೈಲು ಒತ್ತುತ್ತಿದ್ದವರೂ ತಲೆ ಎತ್ತಿದರು. ಮುಂದಿನ ಸಾಲಿನಲ್ಲಿ ಮೊಮ್ಮಗಳು ಹಳದಿ ರಿಬ್ಬನ್ ಎತ್ತಿದಳು. ಏಳನೇ ನಿಮಿಷಕ್ಕೆ ಕೆಂಪು ಎತ್ತುವ ಮೊದಲೇ "ನಮಸ್ಕಾರ" ಅಂದುಬಿಟ್ಟರು.

ಸಭೆಗೆ ಕಕ್ಕಾಬಿಕ್ಕಿ. ಚಪ್ಪಾಳೆ ಬಂದದ್ದೂ ತಡವಾಗಿ. ಅಷ್ಟರಲ್ಲಿ ಅಡುಗೆಯವನು ಪರದೆ ಸರಿಸಿ ನನಗೆ ಕೈ ಆಡಿಸುತ್ತಿದ್ದ: ಬಿಸಿಬೇಳೆಬಾತ್ ಇನ್ನೂ ಕುದಿಯುತ್ತಿದೆ. ಕುಣಿಯುವ ಮಕ್ಕಳಿಗೆ ಅರ್ಧ ಮುಖಕ್ಕೆ ಮಾತ್ರ ಬಣ್ಣವಾಗಿತ್ತು. ಇವರ ಮುಕ್ಕಾಲು ಗಂಟೆಯನ್ನೇ ನಂಬಿ ಎಲ್ಲರೂ ಒಲೆ ಹಚ್ಚಿದ್ದರು.

ನಾನು ಚೀಟಿ ಬರೆದೆ: "ದಯವಿಟ್ಟು ಇನ್ನರ್ಧ ಗಂಟೆ ಎಳೆಯಿರಿ."

ಅವರು ಕನ್ನಡಕ ಏರಿಸಿ ಓದಿದರು. ಈ ಸಲ ಮೈಕಿಗೆ ಕೇಳಿಸಲಿಲ್ಲ. ಚೀಟಿಯನ್ನು ಮಡಿಸಿ, ಎರಡು ಪೆನ್ನುಗಳ ನಡುವೆ ಜೋಪಾನವಾಗಿ ಇಟ್ಟುಕೊಂಡರು. ನೀರು ಕುಡಿದರು.

"ಇನ್ನು ಎರಡೇ ಎರಡು ಮಾತು. ಏನಪ್ಪಾ ಅಂದ್ರೆ, ಬೇಲೂರು ತಾಲ್ಲೂಕಿನಲ್ಲಿ ಒಂದು ಊರಿದೆ..."

ಮೊಮ್ಮಗಳು ಕೆಂಪು ರಿಬ್ಬನ್ನನ್ನು ಎತ್ತಿ ಹಿಡಿದೇ ಇದ್ದಳು. ಬಾತ್ ಇಳಿಸಿದಾಗ ಅವರು ಇನ್ನೂ ಬಾದಾಮಿ ದಾಟಿರಲಿಲ್ಲ.