ದೀಪಕೀಟ ಲಕ್ಷಣ ಸಂಗ್ರಹ: ಬೆಂಗಳೂರು ದಕ್ಷಿಣ ಪಾಠ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಎಂಬ ಚತುರ್ಮಂಡಲಗಳಲ್ಲಿ ದೀಪ ಹಚ್ಚಿದೊಡನೆ ನೆರೆಯುವ ಹುಳುಗಳನ್ನೆಲ್ಲ ಪೂರ್ವಾಚಾರ್ಯರು ‘ಪತಂಗ’ವೆಂದು ಒಂದೇ ಮೂಟೆ ಕಟ್ಟಿ, ಮೇಲೆ ‘ವ್ಯಾಮೋಹ’ವೆಂದು ಷರಾ ಬರೆದಿಟ್ಟರು. ಮೂಟೆ ಬಿಚ್ಚುವುದು ಅಗತ್ಯ.

ಹುಳು ದೀಪಕ್ಕೆ ಏಕೆ ಬರುತ್ತದೆಂಬುದಕ್ಕೆ ಪೂರ್ವಪಕ್ಷ ಎರಡು. ಹುಳು ಬಿಸಿಗೆ ಬರುತ್ತದೆ ಎಂಬುದು ಒಂದು. ತಣ್ಣಗಿನ ಎಲ್‌ಇಡಿಗೂ ಬರುವುದರಿಂದ ಇದು ಬಿತ್ತು. ದೀಪವನ್ನು ಚಂದ್ರನೆಂದು ಭ್ರಮಿಸುತ್ತದೆ ಎಂಬುದು ಇನ್ನೊಂದು. ಇದನ್ನು 2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸ್ಯಾಮ್ಯುಯೆಲ್ ಫೇಬಿಯನ್ ಮತ್ತು ಸಂಗಡಿಗರ ವೇಗದ ಕ್ಯಾಮೆರಾಗಳು ಅಲುಗಾಡಿಸಿದವು. ಹುಳು ದೀಪಕ್ಕೆ ಮುಖ ಮಾಡುವುದಿಲ್ಲ, ಬೆನ್ನು ತಿರುಗಿಸುತ್ತದೆ. ಕೋಟ್ಯಂತರ ವರ್ಷ ರಾತ್ರಿಯಲ್ಲೂ ನೆಲಕ್ಕಿಂತ ಆಕಾಶವೇ ಬೆಳಕು. ಬೆಳಕಿನತ್ತ ಬೆನ್ನಿದ್ದರೆ ತಾನು ನೆಟ್ಟಗಿದ್ದೇನೆಂದು ಅದರ ಲೆಕ್ಕ. ಬೆಂಗಳೂರಲ್ಲಿ 1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೀದಿದೀಪ ಹತ್ತಿದಂದಿನಿಂದ ಈ ಲೆಕ್ಕ ಕೆಟ್ಟಿದೆ.

ಈ ಬೆನ್ನಿನಿಂದಲೇ ವರ್ಗಗಳು. ಪಕ್ಕದಲ್ಲಿ ಹಾಯುವಾಗ ಬೆನ್ನು ವಾಲಿಸಿ ಸುತ್ತಲಾರಂಭಿಸುವುದು ಪ್ರದಕ್ಷಿಣಿ. ರಾಗಿಗುಡ್ಡದ ಗುಡಿಯಲ್ಲಿ ಸುತ್ತುವವರಿಗೆ ಸಂಖ್ಯೆಯುಂಟು, ಇದಕ್ಕಿಲ್ಲ. ದೀಪದ ಕೆಳಗೆ ಹಾದು, ಮೇಲಕ್ಕೇರುತ್ತಾ ವೇಗ ಕಳೆದು ನಿಂತುಬಿಡುವುದು ಸ್ತಂಭಿತ. ದೀಪದ ಮೇಲೆ ಹಾದು, ಮಗುಚಿ, ದೊಪ್ಪನೆ ಬೀಳುವುದು ಶೀರ್ಷಾಸನಿ. ಇದರ ದರ್ಶನಕ್ಕೆ ಮೇಲ್ಮುಖವಾಗಿ ಫೋಕಸ್ ಲೈಟ್ ಹಾಕಿಕೊಂಡ ಅಪಾರ್ಟ್‌ಮೆಂಟುಗಳೇ ಪ್ರಶಸ್ತ ಕ್ಷೇತ್ರ.

ಈಚಲು, ಅಂದರೆ ರೆಕ್ಕೆ ಬಂದ ಗೆದ್ದಲು, ಯಾವ ವರ್ಗಕ್ಕೂ ಸುಲಭವಾಗಿ ಒಗ್ಗದು. ಮೊದಲ ಮಳೆ ನಿಂತ ಸಂಜೆ ಕಿಟಕಿಯ ಸಂದಿನಲ್ಲಿ ನುಗ್ಗಿ, ಟ್ಯೂಬ್‌ಲೈಟ್ ಕೆಳಗಿಟ್ಟ ನೀರಿನ ತಟ್ಟೆ ತುಂಬಿ, ಮಿಕ್ಕದ್ದು ಹಲ್ಲಿಗೆ. ಬೆಳಗ್ಗೆ ಕಸಬರಿಕೆ ತಾಗುವ ಮೊದಲೇ ಜಾರಿಹೋಗುವ ಆ ರೆಕ್ಕೆಗಳಲ್ಲೊಂದನ್ನು ಒದ್ದೆ ಬೆರಳಿಗೆ ಅಂಟಿಸಿಕೊಂಡು ನೋಡಿ: ಬುಡ ನೇರವಾಗಿ ತುಂಡಾಗಿರುತ್ತದೆ. ಕಳಚಲೆಂದೇ ಅಲ್ಲೊಂದು ಗೆರೆಯಿದೆ. ನಾಲ್ಕೂ ರೆಕ್ಕೆ ಹೆಚ್ಚುಕಡಿಮೆ ಒಂದೇ ಉದ್ದ. ಇರುವೆಯ ರೆಕ್ಕೆಯಾದರೆ ಹಿಂದಿನ ಜೋಡಿ ಚಿಕ್ಕದು. ಮನೆಯೊಳಗೆ ಬಂದದ್ದು ಯಾರೆಂದು ಇಷ್ಟರಲ್ಲೇ ತೀರ್ಮಾನ.

ಬೆನ್ನಿನ ಸಿದ್ಧಾಂತಕ್ಕೂ ಗಡಿಯುಂಟು. ಹತ್ತಿರ ಬಂದದ್ದು ಏಕೆ ಸಿಕ್ಕಿಬೀಳುತ್ತದೆಂದು ಅದು ಹೇಳುತ್ತದೆ. ದೂರದಿಂದ ಏಕೆ ಬಂತೆಂದು ಹೇಳುವುದಿಲ್ಲ. ಅಪವಾದವೂ ಉಂಟು. ಕಣಗಿಲೆ ಎಲೆ ತಿಂದು ಬೆಳೆಯುವ ಹಸಿರು ಹಾಕ್‌ಮಾತ್ ಫೇಬಿಯನ್ ಸಂಗಡಿಗರ ಅದೇ ಪ್ರಯೋಗದಲ್ಲಿ ದೀಪದ ಮೇಲೆ ಹಾದರೂ ಮಗುಚದೆ ತನ್ನ ಪಾಡಿಗೆ ಹೊರಟುಹೋಯಿತು. ಜಯನಗರದ ಕಾಂಪೌಂಡುಗಳಲ್ಲಿ ಕಣಗಿಲೆಗೆ ಬರವಿಲ್ಲವಾದ್ದರಿಂದ, ಈ ನಿರ್ಲಿಪ್ತನನ್ನು ಪರಿಶಿಷ್ಟದಲ್ಲಿ ಸೇರಿಸಿದೆ.