ತರಬೇತುದಾರರ ಹುದ್ದೆಗೆ ಕುಣಿಮಗ್ಗದ ಅರ್ಜಿ

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಲ್ಲಿ ವೃತ್ತಿ ಶಿಕ್ಷಣಕ್ಕೆ ಸಿಕ್ಕಿರುವುದು ಹಿಂದಿಯ ಜಾಗ. ಯೋಜನೆ ಇರುವ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಬಂದ ವಿದ್ಯಾರ್ಥಿ ತೃತೀಯ ಭಾಷೆಯ ಬದಲು ಒಂದು ವೃತ್ತಿ ವಿಷಯ ಆರಿಸಿಕೊಳ್ಳಬಹುದು. ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ಎರಡಕ್ಕೂ ಒಂದೇ ದಿನ ಪರೀಕ್ಷೆ. ಈ ಏರ್ಪಾಡಿಗೆ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಎಂಬ ಉದ್ದ ಹೆಸರು ಕಡತದಲ್ಲಿದೆ, ಬಾಯಲ್ಲಿರುವುದು ಎನ್‌ಎಸ್‌ಕ್ಯುಎಫ್. ಕೇಂದ್ರ ಸರ್ಕಾರ 2013ರ ಡಿಸೆಂಬರ್ 27ರಂದು ಇದರ ಅಧಿಸೂಚನೆ ಹೊರಡಿಸಿದಾಗ ಒಟ್ಟು 10 ಹಂತಗಳಿದ್ದವು. ಆಗ ಒಂಬತ್ತನೇ ತರಗತಿ ಒಂದನೇ ಹಂತ, ಹತ್ತು ಎರಡನೆಯದು, ಪಿಯುಸಿಯ ಎರಡು ವರ್ಷ ಮೂರು ಮತ್ತು ನಾಲ್ಕಾಗಿದ್ದವು. ಐಟಿ, ರಿಟೇಲ್, ಆಟೋಮೊಬೈಲ್, ಬ್ಯೂಟಿ ಆ್ಯಂಡ್ ವೆಲ್‌ನೆಸ್, ಎಲೆಕ್ಟ್ರಾನಿಕ್ಸ್ ಮತ್ತು ಹಾರ್ಡ್‌ವೇರ್, ಅಪೆರಲ್ ಮೇಡಪ್ಸ್ ಮತ್ತು ಹೋಮ್ ಫರ್ನಿಶಿಂಗ್, ಇವು ಪರೀಕ್ಷೆಯ ಪಟ್ಟಿಯಲ್ಲಿ ಕಾಣುವ ವಿಷಯಗಳು. ಹಣ ಸಮಗ್ರ ಶಿಕ್ಷಣ ಯೋಜನೆಯದು. ಪಠ್ಯ ರೂಪಿಸುವ ಕೆಲಸಕ್ಕೆಂದೇ ಭೋಪಾಲದಲ್ಲಿ ಪಂಡಿತ ಸುಂದರಲಾಲ್ ಶರ್ಮಾ ಹೆಸರಿನ ಕೇಂದ್ರ ಸಂಸ್ಥೆ 1993ರಿಂದ ಇದೆ. ಕಲಿಸುವವರು ಗುತ್ತಿಗೆಯ ತರಬೇತುದಾರರು. ಸ್ಟಾಫ್ ರೂಮಿನಲ್ಲಿ ಅವರಿಗೆ ಕುರ್ಚಿ ಸಿಗುವುದು ಬಿಡುವುದು ಹೆಡ್‌ಮಾಸ್ತರರ ಮರ್ಜಿ.

ಬಾಗಲಕೋಟೆ ಜಿಲ್ಲೆಯ ಪಶ್ಚಿಮ ಭಾಗದಲ್ಲಿ ವೃತ್ತಿಗೇನೂ ಬರವಿಲ್ಲ. ಜಮಖಂಡಿ, ಮುಧೋಳದಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದರೆ ಸಕ್ಕರೆ ಕಾರ್ಖಾನೆಗಳಿಗೆ ಫಿಟ್ಟರ್, ವೆಲ್ಡರ್, ಬಾಯ್ಲರ್ ನೋಡಿಕೊಳ್ಳುವವರು, ಪಾಕದ ಹದ ಹಿಡಿಯುವ ಪ್ಯಾನ್‌ಮ್ಯಾನ್ ಬೇಕು. ಮಹಾಲಿಂಗಪುರದ ಪೇಟೆಗೆ ಬೆಲ್ಲ ಬರುತ್ತದೆ, ಅದರ ಹಿಂದೆ ಗಾಣದ ಮನೆಗಳಿವೆ. ಬೀಳಗಿಯ ಎಷ್ಟೋ ಹಳ್ಳಿಗಳು ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದಿವೆ. ಹೊಲದ ಕೆಲಸ ಕಳೆದುಕೊಂಡವರ ಮಕ್ಕಳಿಗೆ ಬೇರೆ ಕಸುಬು ಬೇಕೆಂಬುದನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇನ್ನು ರಬಕವಿ, ಬನಹಟ್ಟಿ, ರಾಂಪುರ, ಹೊಸೂರು ಸೇರಿ ಒಂದು ನಗರಸಭೆ, ಅದರ ತುಂಬ ಮಗ್ಗ. ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ಅಲ್ಲಿ ಮಾತಾಡುವವರೆಲ್ಲ ಸ್ವಲ್ಪ ಜೋರಾಗಿಯೇ ಮಾತಾಡುತ್ತಾರೆ. ಆದರೆ ನೇಯ್ಗೆ ಮೇಲೆ ಹೇಳಿದ ವಿಷಯಗಳ ಪಟ್ಟಿಯಲ್ಲಿಲ್ಲ.

ಈ ಕೊರತೆ ತುಂಬಲು ಮುಂದೆ ಬಂದ ಅಭ್ಯರ್ಥಿ ಬನಹಟ್ಟಿಯ ಒಂದು ಕುಣಿಮಗ್ಗ. ಸಂದರ್ಶನ ಸಮಿತಿಯಲ್ಲಿ ಮೂವರಿದ್ದರು: ಬೆಂಗಳೂರಿನ ವಿಷಯ ತಜ್ಞರು, ತರಬೇತುದಾರರನ್ನು ಒದಗಿಸುವ ಏಜೆನ್ಸಿಯ ಪ್ರತಿನಿಧಿ, ಇಲಾಖೆಯ ಅಧಿಕಾರಿ. ಅಭ್ಯರ್ಥಿ ಖುದ್ದು ಹಾಜರಾಗಬೇಕೆಂಬುದು ನಿಯಮ. ಕುಣಿಮಗ್ಗದ ಅರ್ಧ ಭಾಗ ಮರ, ಉಳಿದರ್ಧ ನೆಲದಲ್ಲಿ ತೋಡಿದ ಕುಣಿ. ಮರವನ್ನು ಬಿಚ್ಚಿ ಟೆಂಪೋದಲ್ಲಿ ಹೇರಬಹುದು, ಕುಣಿ ಹತ್ತುವುದಿಲ್ಲ. ಕೊನೆಗೆ ಸಮಿತಿಯೇ ಪಡಸಾಲೆಗೆ ಬಂದು ಚಾಪೆಯ ಮೇಲೆ ಕುಳಿತಿತು.

ವಯಸ್ಸಿನ ಕಾಲಮ್ಮಿಗೆ ಮಗ್ಗ ಕೊಟ್ಟ ಉತ್ತರ ‘ಪಟವರ್ಧನ ಮಹಾರಾಜರ ಕಾಲ’. ಅವರ ಜಮಖಂಡಿ ಸಂಸ್ಥಾನ 1948ರಲ್ಲಿ ವಿಲೀನವಾದ್ದರಿಂದ ವಯೋಮಿತಿ ಮೀರಿದೆ ಎಂದು ಅಧಿಕಾರಿಗಳು ಬರೆದುಕೊಂಡರು. ಆಮೇಲೆ ವಿದ್ಯಾರ್ಹತೆ.

‘ಎಲ್ಲಿಯವರೆಗೆ ಓದಿದ್ದೀರಿ?’

‘ಸಾಲಿಗೆ ಹೋಗಿಲ್ರಿ ಸಾಹೇಬ್ರ. ಕಲಿಸೀನಿ.’

‘ಯಾರಿಗೆ?’

‘ಈ ಮನ್ಯಾಗ ನಾಕ ತಲಿಗೆ. ಬಾಜೂ ಮನಿಯವ್ರು ಬ್ಯಾರೆ.’

‘ಪ್ರಮಾಣಪತ್ರ ಇದೆಯೇ?’

‘ಸೀರಿ ಐತ್ರಿ. ಜಗ್ಗಿ ನೋಡ್ರಿ, ಬೆಳಕಿಗೆ ಹಿಡದು ನೋಡ್ರಿ.’

ಪೋರ್ಟಲ್‌ನಲ್ಲಿ ಸೀರೆ ಅಪ್‌ಲೋಡ್ ಆಗುವುದಿಲ್ಲ ಎಂದು ಪ್ರತಿನಿಧಿ ವಿವರಿಸಿದರು. ಅವರು ಹೇಳಿದ್ದು ತಾಂತ್ರಿಕವಾಗಿ ಸರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 12ನೇ ಪಂಚವಾರ್ಷಿಕ ಯೋಜನೆಯ ದಾಖಲೆಯಿಂದ ಒಂದು ಅಂಕಿ ತೆಗೆದು ಕೊಡುತ್ತದೆ: ಭಾರತದ 19ರಿಂದ 24 ವರ್ಷದ ದುಡಿಯುವವರಲ್ಲಿ ಔಪಚಾರಿಕ ವೃತ್ತಿ ಶಿಕ್ಷಣ ಪಡೆದವರು ಶೇ 5ಕ್ಕಿಂತ ಕಡಿಮೆ. ಜರ್ಮನಿಯಲ್ಲಿ ಶೇ 75, ದಕ್ಷಿಣ ಕೊರಿಯಾದಲ್ಲಿ ಶೇ 96. ಈ ಲೆಕ್ಕದ ಕೀಲಿ ‘ಔಪಚಾರಿಕ’ ಎಂಬಲ್ಲಿದೆ. ಎಂಟು ವರ್ಷಕ್ಕೆ ಕಂಡಿಕೆ ಸುತ್ತಲು ಕೂತು ಹದಿನೆಂಟಕ್ಕೆ ಅಂಚು ಸೆರಗು ಬಿಡಿಸಬಲ್ಲವನು ಕೊರಿಯಾಕ್ಕೆ ಎದುರು ನಿಲ್ಲಿಸಿದಾಗ ತರಬೇತಿ ಇಲ್ಲದವನೇ. ಅಂಥವರಿಗಾಗಿ ಪೂರ್ವ ಕಲಿಕೆಯ ಮಾನ್ಯತೆ ಎಂಬ ಪರೀಕ್ಷೆ ಉಂಟು. ಗೊತ್ತಿರುವುದನ್ನು ಗೊತ್ತಿದೆ ಎಂದು ಬರೆದುಕೊಡುವ ವ್ಯವಸ್ಥೆ. ಮಗ್ಗಕ್ಕೂ ಅದನ್ನೇ ಸೂಚಿಸಲಾಯಿತು.

ಶಾಲೆಗಳ ಜತೆ ಕೆಲಸ ಮಾಡಿದ ಅನುಭವ ಕೇಳಿದಾಗ ಅಭ್ಯರ್ಥಿಯ ಉತ್ತರ ನಿರೀಕ್ಷೆಗಿಂತ ಉದ್ದವಾಯಿತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕಸುಬಿನ ಮೂಲಕ ಕಲಿಕೆ ಎಂದರು, ಜಾಕಿರ್ ಹುಸೇನ್ ಸಮಿತಿ ಅದಕ್ಕೆ ಪಠ್ಯ ಬರೆಯಿತು. ಶಾಲೆಗೆ ತಕಲಿ ಬಂತು, ಮಗ್ಗಕ್ಕೂ ಕರೆ ಬರುತ್ತದೆಂದು ಓಣಿಯಲ್ಲಿ ಮಾತಾಯಿತು. 1952–53ರ ಮುದಲಿಯಾರ್ ಆಯೋಗ ವಿವಿಧೋದ್ದೇಶ ಪ್ರೌಢಶಾಲೆ ಎಂದಿತು. 1964–66ರ ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನೇ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂದು ಕರೆಯಿತು. ಶಾಲೆಗಳಲ್ಲಿ ಅದು ಬಹುಮಟ್ಟಿಗೆ ಸೀಮೆಸುಣ್ಣ, ಮೇಣದ ಬತ್ತಿ ಮತ್ತು ಅಂಗಳದ ಕಸ ಗುಡಿಸುವುದಾಗಿ ಉಳಿಯಿತು. 1977–78ರಿಂದ ಪದವಿಪೂರ್ವ ಹಂತದಲ್ಲಿ ಜೆಒಸಿ ಎಂಬ ವೃತ್ತಿ ಶಿಕ್ಷಣ ಬಂತು, ಮೂರು ದಶಕ ನಡೆದು ಮುಚ್ಚಿತು, ಅಲ್ಲಿ ಕಲಿಸುತ್ತಿದ್ದವರು ಬೇರೆ ಇಲಾಖೆಗಳಿಗೆ ಹಂಚಿಹೋದರು.

‘ಎಲ್ಲಾರೂ ಬಂದ್ರ್ರಿ,’ ಎಂದಿತು ಮಗ್ಗ. ‘ಫೋಟೋ ತಗೊಂಡ್ರು. ಹೊಸಾ ಹೆಸರ ಇಟ್ರು. ನನ್ನ ಕಡೆ ಯಾವ ಹುಡುಗನ್ನ ಕಳಸ್ತಾರ ಅನ್ನೂದು ಮಾತ್ರ ಬದಲಾಗ್ಲಿಲ್ಲ.’

ಯಾವ ಹುಡುಗ ಎಂದು ಸಮಿತಿ ಕೇಳಲಿಲ್ಲ, ಮೂವರಿಗೂ ಗೊತ್ತಿತ್ತು. ಗಣಿತದಲ್ಲಿ ಹಿಂದೆ ಬಿದ್ದವನು, ಹಿಂದಿ ಬಾರದವನು. ಪ್ರತಿ ವರದಿಯೂ ದುಡಿಮೆಗೆ ಘನತೆ ತರುವ ಮಾತಿನಿಂದ ಶುರುವಾಗುತ್ತದೆ. ಪ್ರತಿ ಶಾಲೆಯಲ್ಲೂ ವೃತ್ತಿ ಶಿಕ್ಷಣದ ಕೊಠಡಿಗೆ ಹುಡುಗರನ್ನು ಕಳಿಸುವುದು ಅಂಕಪಟ್ಟಿ. ಪಠ್ಯ ಎಷ್ಟೇ ಸುಧಾರಿಸಲಿ, ಜಾಣರು ಆ ಕಡೆ ಸುಳಿಯದಂತೆ ವ್ಯವಸ್ಥೆ ಮಾಡಿಟ್ಟು ಘನತೆಯನ್ನು ಪಠ್ಯದೊಳಗೆ ಹುಡುಕುವುದು ಬರಿಯ ಕಾಲಹರಣ.

ಮುಂದಿನದು ಮಾದರಿ ಪಾಠ. ತಜ್ಞರು ಬೂಟು ಕಳಚಿ, ಸಾಕ್ಸಿನಲ್ಲೇ ಕುಣಿಗೆ ಕಾಲು ಇಳಿಬಿಟ್ಟು ಕೂತರು. ಹಗ್ಗದ ಹಿಡಿಕೆ ಎಳೆದರು. ಲಾಳಿ ಆ ಕಡೆಯ ಪೆಟ್ಟಿಗೆ ಮುಟ್ಟದೆ ಹಾಸಿನ ನಡುವೆಯೇ ನಿಂತಿತು. ಅದು ಗಮನಕ್ಕೆ ಬರುವ ಮೊದಲೇ ಅವರು ಹಣಿಗೆಯನ್ನು ಬಡಿದಿದ್ದರು. ಎರಡು ಮೂರು ಎಳೆ ಕಡಿದವು. ಎಲ್ಲಿ ಕಡಿದವೆಂದು ಅವರಿಗೆ ಕಾಣಲಿಲ್ಲ. ಮೂಲೆಯಲ್ಲಿ ರಾಟಿ ತಿರುಗಿಸುತ್ತಿದ್ದ ಮನೆಯ ಹೆಣ್ಣುಮಗಳು ಎದ್ದು ಬಂದು, ಹಾಸಿನ ಮೇಲೆ ಅಂಗೈ ಒಮ್ಮೆ ಆಡಿಸಿ, ಸಡಿಲಾದ ತುದಿಯನ್ನು ಚಿಮಟಿದಂತೆ ಎತ್ತಿದಳು. ಅದೇ ನೂಲಿನ ಗೇಣುದ್ದದ ತುಂಡು ಸೇರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು, ಎಳೆ ಎತ್ತುವ ದಾರದ ಕುಣಿಕೆಯೊಳಗೆ ತೂರಿಸಿ, ಹಣಿಗೆಯ ಸಂದಿನಲ್ಲಿ ಈಚೆ ಎಳೆದಳು. ಉಳಿದವೂ ಹಾಗೆಯೇ ಕೂಡಿದವು. ಮಾತಿಲ್ಲ. ಗಂಟು ದಪ್ಪವಾದರೆ ಹಣಿಗೆಯಲ್ಲಿ ಸಿಕ್ಕಿ ಪಕ್ಕದ ಎಳೆಯನ್ನೂ ಕಡಿಯುತ್ತದೆ, ಹಾಗಾಗಿ ಹೊಸೆಯುವುದು, ಗಂಟು ಹಾಕುವುದಲ್ಲ ಎಂದು ಮಗ್ಗ ಟಿಪ್ಪಣಿ ಸೇರಿಸಿತು.

‘ಈ ಘಟಕಕ್ಕೆ ಎಷ್ಟು ಗಂಟೆ ನಿಗದಿ ಮಾಡಬಹುದು?’ ತಜ್ಞರು ಕೇಳಿದರು.

‘ಎಳಿ ಜೋಡಸೂದು ಒಂದ ದಿನದಾಗ ಬರ್ತೈತ್ರಿ. ಕಡದಿದ್ದು ಕಣ್ಣಿಗೆ ಬೀಳಾಕ ಆರ ತಿಂಗಳ ಬೇಕು.’

ಕಲಿಕಾ ಫಲ ಎಂಬ ಕಾಲಮ್ಮಿನಲ್ಲಿ ಮೊದಲ ಭಾಗ ಮಾತ್ರ ದಾಖಲಾಯಿತು.

ಅಧಿಕಾರಿಗಳ ಪ್ರಶ್ನೆ ಇದಕ್ಕಿಂತ ಬಿಗಿಯಾಗಿತ್ತು. 1986ರ ಬಾಲಕಾರ್ಮಿಕ ಕಾಯ್ದೆಯಡಿ ಮಕ್ಕಳನ್ನು ದುಡಿಸಿಕೊಳ್ಳಬಾರದ ಉದ್ಯೋಗಗಳ ಪಟ್ಟಿಗೆ ಮುಂದೆ ಕೈಮಗ್ಗ ಮತ್ತು ವಿದ್ಯುತ್ ಮಗ್ಗ ಎರಡೂ ಸೇರಿದ್ದವು. 2016ರ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನು ಎಲ್ಲ ಕಡೆ ನಿಷೇಧಿಸಿ, ಅಪಾಯವಿಲ್ಲದ ಕುಟುಂಬದ ಕಸುಬಿನಲ್ಲಿ ಶಾಲೆಯ ಸಮಯ ಮುಗಿದ ಮೇಲೆ ನೆರವಾಗಲು ಬಿಟ್ಟಿತು. ಹೀಗಿರುವಾಗ ಆರೋಪಿಯನ್ನೇ ತರಗತಿಗೆ ಕರೆಯುವುದು ಹೇಗೆ ಎಂಬುದು ಅವರ ತಕರಾರು. ಮಗ್ಗ ವಾದಕ್ಕಿಳಿಯಲಿಲ್ಲ. ‘ಆ ಪಟ್ಟ್ಯಾಗ ನನ್ನ ಹೆಸರು ಸುಮ್ನ ಬಂದಿಲ್ರಿ. ಕಂಡಕಿ ಸುತ್ತಾಕ ಕುಂತ ಹುಡುಗ್ರು ಎಷ್ಟ ಮಂದಿ ತಿರಗಿ ಸಾಲಿಗೆ ಹೋಗಿಲ್ಲ, ನಾ ನೋಡೀನಿ.’ ಇದೇ ಕಾರಣಕ್ಕೆ ಅದು ಮನೆಯ ಪಡಸಾಲೆ ಬಿಟ್ಟು ಶಾಲೆಯ ಕೊಠಡಿ ಕೇಳಿತ್ತು. ಅಲ್ಲಿ ಗಂಟೆ ಹೊಡೆದರೆ ಕೆಲಸ ನಿಲ್ಲುತ್ತದೆ, ನೇಯ್ದದ್ದು ಯಾರ ಹೊಟ್ಟೆಪಾಡಿಗೂ ಲೆಕ್ಕವಾಗುವುದಿಲ್ಲ. ಕಾಯ್ದೆಯನ್ನು ಓದಿಕೊಂಡವರಿಗಿಂತ ಕಾಯ್ದೆಗೆ ಕಾರಣವಾದದ್ದೇ ಅದನ್ನು ಸ್ಪಷ್ಟವಾಗಿ ತಿಳಿದಿತ್ತು ಎನ್ನಬೇಕು.

ಉದ್ಯೋಗಾವಕಾಶದ ವಿಚಾರ ಪ್ರತಿನಿಧಿಯದು. ಜಿಲ್ಲೆಯ ಈ ಭಾಗದಲ್ಲಿ ತರಬೇತಿ ಪಡೆದು ಸರ್ಕಾರಿ ಸೇವೆಗೆ ಸೇರಿದ ಉದಾಹರಣೆ ಕೊಡಿ ಎಂದರು. ಮಗ್ಗ ಮುಧೋಳದ ನಾಯಿಯ ಹೆಸರು ಹೇಳಿತು. ತಪ್ಪಲ್ಲ: ಮುಧೋಳ ತಳಿಗೆ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ, 2005ರಲ್ಲಿ ಅಂಚೆ ಚೀಟಿ ಬಂದಿದೆ, 2016ರಲ್ಲಿ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋಗಿವೆ. ಊರಿನ ಗುಣ ಗುರುತಿಸಿ, ಸಂಸ್ಥೆ ಕಟ್ಟಿ, ಕಲಿಸಿ, ಕೆಲಸಕ್ಕೆ ಕರೆದೊಯ್ದ ಯೋಜನೆ ಅದು. ಎರಡು ಕಾಲಿನ ಅಭ್ಯರ್ಥಿಗಳಿಗೆ ಅಷ್ಟು ಸಮಗ್ರವಾದದ್ದು ಇನ್ನೂ ರೂಪುಗೊಂಡಿಲ್ಲ. ನೇಯ್ಗೆಯನ್ನೇ ಓದಬೇಕೆನ್ನುವವರಿಗೆ ಗದಗ–ಬೆಟಗೇರಿಯಲ್ಲಿ ಕರ್ನಾಟಕ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯ ಡಿಪ್ಲೊಮಾ ಇದೆ. ಆದರೆ ಅದು ಎಸ್ಸೆಸ್ಸೆಲ್ಸಿಯ ಆಚೆ, ಊರಿನಿಂದಲೂ ಆಚೆ.

ಇಷ್ಟರಲ್ಲಿ ತಜ್ಞರು, ಬಹುಶಃ ಬೇಸರದಿಂದ, ಸಂದರ್ಶನದ ಒಳ್ಳೆಯ ಪ್ರಶ್ನೆ ಕೇಳಿದರು.

‘ಈ ಮನೆಯ ಹುಡುಗ ಶಾಲೆಯಲ್ಲಿ ಯಾವ ವಿಷಯ ತೆಗೆದುಕೊಂಡಿದ್ದಾನೆ?’

‘ಐಟಿ ರೀ.’

‘ನಿಮಗೆ ಬೇಸರವಾಗಲಿಲ್ಲವೇ?’

‘ಯಾಕ್ರಿ? ಅವರಪ್ಪ ಕೇಳಿದ್ರ ನಾನೂ ಅದನ್ನs ಹೇಳ್ತಿದ್ದೆ.’

ಮಗ್ಗದ ವಿವರಣೆಯ ಸಾರ ಹೀಗಿದೆ. ನೇಕಾರನಿಗೆ ಸಿಗುವುದು ಸೀರೆಗಿಷ್ಟು ಎಂಬ ಮಜೂರಿ. ಮೊನ್ನೆ ಕಲಿತವನಿಗೂ ಮೂವತ್ತು ವರ್ಷ ನೇಯ್ದವನಿಗೂ ದರ ಒಂದೇ. ಕಸುಬು ಬೆಳೆದಂತೆ ಬೆಳೆಯುವುದು ಬೆನ್ನುನೋವು. ನೂಲಿನ ದರ ಬೇರೆ ಕಡೆ ತೀರ್ಮಾನವಾಗುತ್ತದೆ, ಸೀರೆಯ ದರ ಸೂರತ್‌ನಿಂದ ಬರುವ ಮಾಲಿನ ಮೇಲೆ. ಹೀಗಿರುವಾಗ ಮಗನನ್ನು ಕುಣಿಗೆ ಇಳಿಸದ ಅಪ್ಪ ಕಸುಬಿಗೆ ದ್ರೋಹ ಮಾಡಿದವನಲ್ಲ, ಲೆಕ್ಕ ಬಲ್ಲವನು. ಕುಲಕಸುಬನ್ನು ಉಳಿಸಿ ಎಂದು ವೇದಿಕೆಯಿಂದ ಹೇಳುವವರ ಮಕ್ಕಳು ಯಾವ ವಿಷಯ ಓದುತ್ತಿದ್ದಾರೆಂದು ಆ ಅಪ್ಪನಿಗೂ ಗೊತ್ತು.

ಹಾಗಾದರೆ ಶಾಲೆಯಲ್ಲಿ ಕಲಿಸುವುದೇನನ್ನು? ಅಭ್ಯರ್ಥಿ ಪಾಠ ಯೋಜನೆ ತಂದಿತ್ತು. ನೇಯಲು ಕಲಿಸುವುದು ಅದರಲ್ಲಿ ಕೊನೆಯ ಬಾಬು. ಮೊದಲನೆಯದು ನೂಲಿನ ಕೌಂಟು: 840 ಗಜದ ಒಂದು ಲಡಿ, ಅಂಥ ಎಷ್ಟು ಲಡಿ ಒಂದು ಪೌಂಡು ತೂಗುತ್ತವೋ ಅಷ್ಟು ಕೌಂಟು. 80 ಕೌಂಟಿನ ನೂಲೆಂದರೆ ಒಂದು ಪೌಂಡಿನಲ್ಲಿ 67,200 ಗಜ. ಒಂದು ಸೀರೆಗೆ ಹಾಸು ಎಷ್ಟು, ಹೊಕ್ಕು ಎಷ್ಟು, ನೂಲಿನ ಬೆಲೆ ಎಷ್ಟು, ಮಜೂರಿ ಹೋಗಿ ಮಾಲೀಕನಿಗೆ ಉಳಿದದ್ದೆಷ್ಟು ಎಂದು ಹತ್ತನೇ ತರಗತಿಯ ಹುಡುಗಿ ತಾನೇ ಲೆಕ್ಕ ಹಾಕಬೇಕು. ಆಮೇಲೆ ಬಣ್ಣ ಹಾಕುವ ರಸಾಯನ, ಡಾಬಿ ಜಕಾರ್ಡಿಗೆ ವಿನ್ಯಾಸ ಬರೆಯುವುದು, ವಿದ್ಯುತ್ ಮಗ್ಗ ಕೆಟ್ಟರೆ ಜಾಬರ್ ಮಾಡುವ ರಿಪೇರಿ. ಊರಿನಲ್ಲಿ ಜಾಬರನಿಗೆ ಕಾಯುತ್ತ ಮಗ್ಗಗಳು ನಿಲ್ಲುತ್ತವೆ. ಅವನು ಕಲಿತದ್ದು ಇನ್ನೊಬ್ಬ ಜಾಬರನ ಬೈಗುಳದಿಂದ. ರಿಟೇಲ್ ತರಗತಿಯಲ್ಲಿ ಬಟ್ಟೆ ಮಾರಲು ಕಲಿಯುವ ಮಕ್ಕಳು ಆ ಬಟ್ಟೆಯ ಅಸಲು ಎಷ್ಟೆಂದು ಕಲಿತರೆ ಪಠ್ಯಕ್ಕೇನೂ ಧಕ್ಕೆಯಿಲ್ಲ.

ತಜ್ಞರು ಯೋಜನೆಯನ್ನು ಎರಡು ಸಲ ಓದಿದರು. ಇದು ಗಣಿತ, ಇದು ರಸಾಯನಶಾಸ್ತ್ರ, ಇದು ಎಲೆಕ್ಟ್ರಿಕಲ್. ವೃತ್ತಿ ವಿಷಯವೆನ್ನುವುದು ಕಷ್ಟ ಎಂದರು. ಇದರಲ್ಲಿ ಒಂದು ಕ್ಲಾಸು ಮುಗಿಸಿದ ಹುಡುಗಿಯನ್ನು ಮಜೂರಿಗೆ ಕೂರಿಸುವುದು ಇನ್ನೂ ಕಷ್ಟ ಎಂದು ಮಗ್ಗ ಸೇರಿಸಿತು. ಅದು ನಡಾವಳಿಯಲ್ಲಿಲ್ಲ.

ಕೊನೆಯಲ್ಲಿ, ಅಭ್ಯರ್ಥಿಗೆ ಸಮಿತಿಯನ್ನು ಕೇಳುವುದೇನಾದರೂ ಇದೆಯೇ ಎಂಬ ಔಪಚಾರಿಕ ಪ್ರಶ್ನೆ. 1975ರಲ್ಲಿ ಹುಟ್ಟಿದ ಕೈಮಗ್ಗ ಅಭಿವೃದ್ಧಿ ನಿಗಮ ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಹಂಚಲು ನೇಕಾರರಿಂದ ಸಮವಸ್ತ್ರದ ಬಟ್ಟೆ ನೇಯಿಸಿದೆ. ‘ನಾ ನೇದ ಅರಿವಿ ಸಾಲಿ ಒಳಗ ಹೋಗ್ತೈತಿ,’ ಎಂದಿತು ಮಗ್ಗ, ‘ನಾ ಯಾಕ ಹೋಗಬಾರದ್ರಿ?’ ಬಟ್ಟೆಯದು ಖರೀದಿ, ಇದು ನೇಮಕಾತಿ, ಎರಡರ ನಿಯಮ ಬೇರೆ ಎಂದು ಅಧಿಕಾರಿಗಳು ಉತ್ತರಿಸಿದರು.

ಸಮಿತಿ ಅರ್ಜಿಯನ್ನು ತಿರಸ್ಕರಿಸಿಲ್ಲ. ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನದಂದು ಮಗ್ಗಕ್ಕೆ ಹಾರ ಹಾಕಬೇಕು, ಶಿಕ್ಷಣ ನೀತಿ ಹೇಳುವ ಹತ್ತು ಬ್ಯಾಗ್‌ರಹಿತ ದಿನಗಳಲ್ಲಿ ಒಂದನ್ನು ಪಡಸಾಲೆಯ ಭೇಟಿಗೆ ಮೀಸಲಿಡಬೇಕು, ಪೂರ್ವ ಕಲಿಕೆಯ ಪರೀಕ್ಷೆಗೆ ಹೆಸರು ನೋಂದಾಯಿಸಬೇಕು ಎಂದು ಶಿಫಾರಸು ಮಾಡಿದೆ. ಆ ವರ್ಷದ ಹುದ್ದೆ ರಿಟೇಲ್ ವಿಷಯಕ್ಕೆ ಹೋಯಿತು. ಅಭ್ಯರ್ಥಿಯನ್ನು ಶಾಲೆಗೆ ಸ್ಥಳಾಂತರಿಸುವ ಪ್ರಸ್ತಾವ ಇನ್ನೂ ಜೀವಂತವಿದೆ: ಕುಣಿಯನ್ನು ಸಾಗಿಸುವ ವೆಚ್ಚದ ಅಂದಾಜು ಕೇಳಿ ಲೋಕೋಪಯೋಗಿ ಇಲಾಖೆಗೆ ಪತ್ರ ಹೋಗಿದೆ. ಕುಣಿಯ ಉದ್ದ, ಅಗಲ, ಆಳದ ಜತೆಗೆ ತೂಕವನ್ನೂ ನಮೂದಿಸಿ ಕಳಿಸುವಂತೆ ಅಲ್ಲಿಂದ ಉತ್ತರ ಬಂದಿದೆ.