ಮ್ಯಾನೇಜರ್ ಸಾಹೇಬರ ಪಟಾಲಂ

ಬ್ಯಾಂಕ್ ಮ್ಯಾನೇಜರ್ ಕೈಗೆ ಒಂದು ರೈಫಲ್ ಕೊಟ್ಟು ನೋಡಿ. ಅವರು ಮೊದಲು ಮಾಡುವ ಕೆಲಸ ಅದನ್ನು ರಿಜಿಸ್ಟರಿಗೆ ಏರಿಸುವುದು. ಎರಡನೆಯದು, ಹೆಡ್ ಕ್ಲರ್ಕ್ ಕೈಲಿ ಅದಕ್ಕೆ ಸಹಿ ಹಾಕಿಸುವುದು. ಶತ್ರು ಅಲ್ಲಿಯವರೆಗೆ ಕೌಂಟರಿನ ಆಚೆ ಕಾಯಬೇಕು. ಸರ್ವೀಸಿನುದ್ದಕ್ಕೂ ಬ್ಯಾಂಕಿನ ಉಪ್ಪು ತಿಂದವನಾದ್ದರಿಂದ ಈ ಮಾತನ್ನು ಅಧಿಕಾರದಿಂದಲೇ ಹೇಳುತ್ತಿದ್ದೇನೆ. ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋದಾಗಲೆಲ್ಲ ಶನಿವಾರ ಸಂಜೆ ಬಿಬಿಸಿಯವರು ಮತ್ತೆ ಮತ್ತೆ ಹಾಕುವ ‘ಡ್ಯಾಡ್ಸ್ ಆರ್ಮಿ’ ನೋಡುತ್ತೇನೆ. ಉಳಿದವರಿಗೆ ಅದು ಯುದ್ಧಕಾಲದ ಹಾಸ್ಯ. ನನಗೆ ಬ್ರಾಂಚ್ ಇನ್‌ಸ್ಪೆಕ್ಷನ್.

ಕಥೆ ನಡೆಯುವ ವಾಲ್ಮಿಂಗ್ಟನ್ ಆನ್ ಸೀ ಎಂಬುದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ, ನಕಾಶೆಯಲ್ಲಿಲ್ಲದ ಒಂದು ಪುಟ್ಟ ಊರು. ಅಲ್ಲಿನ ಬ್ಯಾಂಕಿನ ಮ್ಯಾನೇಜರ್ ಜಾರ್ಜ್ ಮ್ಯಾನರಿಂಗ್. 1940ರಲ್ಲಿ ಹಿಟ್ಲರ್ ಇಂಗ್ಲಿಷ್ ಕಾಲುವೆಯಾಚೆ ಬಂದು ನಿಂತಾಗ ಊರು ಕಾಯುವ ಪಡೆ ಕಟ್ಟಬೇಕಾಯಿತು. ಕ್ಯಾಪ್ಟನ್ ಯಾರು? ಮ್ಯಾನೇಜರೇ. ನೇಮಿಸಿದವರು ಯಾರು? ಅವರನ್ನು ಅವರೇ. ಬ್ಯಾಂಕಿನ ಚೀಫ್ ಕ್ಲರ್ಕ್ ವಿಲ್ಸನ್ ತಾನಾಗಿಯೇ ಸಾರ್ಜೆಂಟ್ ಆದ, ಜೂನಿಯರ್ ಕ್ಲರ್ಕ್ ಪೈಕ್ ಸಿಪಾಯಿಯಾದ. ಬೆಳಗ್ಗೆ ಲೆಡ್ಜರ್ ತಾಳೆಯಾಗಲಿಲ್ಲವೆಂದು ಬೈಸಿಕೊಂಡ ಹುಡುಗ ಸಂಜೆ ಬೂಟಿನ ಲೇಸಿಗಾಗಿ ಅದೇ ಬಾಯಿಂದ ಬೈಸಿಕೊಳ್ಳಬೇಕು. ಓವರ್‌ಟೈಮ್ ಬೇರೆ ಇಲ್ಲ. ನಮ್ಮ ಯೂನಿಯನ್ನಿನವರಾಗಿದ್ದರೆ ಮೊದಲನೇ ಕವಾಯತಿಗೇ ಕಪ್ಪುಪಟ್ಟಿ ಕಟ್ಟಿಕೊಂಡು ಬರುತ್ತಿದ್ದರು.

ಕಥೆ ಕಲ್ಪನೆಯದಾದರೂ ಹೋಮ್ ಗಾರ್ಡ್ ಎಂಬ ಆ ಪಡೆ ನಿಜ. 1940ರ ಮೇ 14ರಂದು ಯುದ್ಧಮಂತ್ರಿ ಆಂಟನಿ ಈಡನ್ ರೇಡಿಯೋದಲ್ಲಿ ಕರೆ ಕೊಟ್ಟರು: 17ರಿಂದ 65ರೊಳಗಿನ ಗಂಡಸರು ಪೊಲೀಸ್ ಠಾಣೆಗೆ ಹೋಗಿ ಹೆಸರು ಬರೆಸಿ ಅಂತ. ಜುಲೈ ಮುಗಿಯುವ ಹೊತ್ತಿಗೆ ಸಂಖ್ಯೆ ಹತ್ತು ಲಕ್ಷ ದಾಟಿತ್ತು. ಜನ ಬಂದರು, ಬಂದೂಕು ಬರಲಿಲ್ಲ. ಮೊದಮೊದಲು ಬೇಟೆ ಕೋವಿ, ಪೊರಕೆಯ ಹಿಡಿ, ಗಾಲ್ಫ್ ಕೋಲು ಹೀಗೆ ಸಿಕ್ಕಿದ್ದೇ ಆಯುಧ. 1941ರಲ್ಲಿ ಚರ್ಚಿಲ್ ಸಾಹೇಬರು, ಪ್ರತಿಯೊಬ್ಬನ ಕೈಯಲ್ಲೂ ಏನಾದರೊಂದು ಇರಲಿ, ಈಟಿಯಾದರೂ ಸರಿ ಎಂಬರ್ಥದ ಒಂದು ಕಾಗದ ಬರೆದರು. ಯುದ್ಧ ಇಲಾಖೆ ಅದನ್ನು ಅಕ್ಷರಶಃ ಓದಿಕೊಂಡು, ಕಬ್ಬಿಣದ ಪೈಪಿನ ತುದಿಗೆ ಬಯೋನೆಟ್ ಬೆಸೆದ ಎರಡೂವರೆ ಲಕ್ಷ ಈಟಿಗಳಿಗೆ ಆರ್ಡರ್ ಹಾಕಿತು! ಪಡೆಯವರು ಅವನ್ನು ನೋಡಿ ಅವಮಾನದಿಂದ ಕೆಂಡವಾದರಂತೆ. ಹೆಡ್ ಆಫೀಸಿನ ಸರ್ಕ್ಯುಲರ್ ಕಂಡವರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಮೇಲಿನವರು ಉಪಮೆ ಹೇಳಿದರೆ ಕೆಳಗಿನವರು ಟೆಂಡರ್ ಕರೆಯುತ್ತಾರೆ.

ಆ ಪಡೆಯಲ್ಲಿದ್ದ ಹುಡುಗರಲ್ಲೊಬ್ಬ ಜಿಮ್ಮಿ ಪೆರಿ. ರಾತ್ರಿ ಕಾವಲಿಗೆ ಹೋದರೆ ಮಗನಿಗೆ ಶೀತವಾದೀತೆಂದು ಅವನ ತಾಯಿಗೆ ಚಿಂತೆ. ಮುಂದೆ ಆತ ಡೇವಿಡ್ ಕ್ರಾಫ್ಟ್ ಜೊತೆ ಸೇರಿ ಈ ಸರಣಿ ಬರೆದಾಗ, ಆ ಹುಡುಗ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡ ಪೈಕ್ ಆದ. 1968ರ ಜುಲೈ 31ರಿಂದ 1977ರ ನವೆಂಬರ್‌ವರೆಗೆ ಎಂಬತ್ತು ಕಂತು. ಯುದ್ಧ ಕಂಡವರು ಇನ್ನೂ ಮನೆಮನೆಯಲ್ಲಿದ್ದಾರೆ, ಗೇಲಿ ಮಾಡಿದರೆ ನೊಂದುಕೊಂಡಾರೆಂದು ಶುರುವಿನಲ್ಲಿ ಬಿಬಿಸಿಯ ದೊಡ್ಡವರಿಗೆ ದಿಗಿಲಿತ್ತು. ಬಿದ್ದು ಬಿದ್ದು ನಕ್ಕವರು ಆ ಯುದ್ಧ ಕಂಡವರೇ.

ನನಗೆ ಈ ಪಡೆಯಲ್ಲಿ ಎಲ್ಲಕ್ಕಿಂತ ರುಚಿಸುವುದು ಮ್ಯಾನೇಜರ್ ಮತ್ತು ಹೆಡ್ ಕ್ಲರ್ಕ್ ನಡುವಿನ ಶೀತಲ ಸಮರ. ಮ್ಯಾನರಿಂಗ್ ಸಾಹೇಬರು ಸಾಧಾರಣ ಮನೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬಂದವರು. ಗುಂಡು ಮೈ, ಗುಂಡು ಕನ್ನಡಕ. ವಿಲ್ಸನ್ ದೊಡ್ಡ ಮನೆತನದವನು, ಶ್ರೀಮಂತರ ಶಾಲೆಯಲ್ಲಿ ಓದಿದವನು, ಚೆಲುವ, ಪರಮ ಸೋಮಾರಿ. ಪಟಾಲಮ್ಮಿಗೆ ಅವನು ಆಜ್ಞೆ ಮಾಡುವ ಕ್ರಮ ಹೇಗೆಂದರೆ, ನೆಂಟರನ್ನು ಎಲೆಗೆ ಕೂರಿಸುವಂತೆ: ತಾವೆಲ್ಲ ದಯಮಾಡಿ ಮೂರು ಸಾಲಾಗಿ ನಿಂತರೆ ಎಷ್ಟು ಚೆನ್ನ! ಸಾಹೇಬರು ಯಾವ ಯೋಜನೆ ಹೇಳಿದರೂ ಅವನದು ಒಂದೇ ಪ್ರಶ್ನೆ: “ಇದು ಉಚಿತವಾದೀತೆ ಸರ್?” ಹೆಡ್ ಕ್ಲರ್ಕ್ ಆಗಿದ್ದಾಗ ನಾನೂ ಇದೇ ಪ್ರಶ್ನೆ ಕೇಳಿದ್ದೇನೆ, ಮ್ಯಾನೇಜರ್ ಆದಮೇಲೆ ಇದೇ ಪ್ರಶ್ನೆಗೆ ಹಲ್ಲು ಕಡಿದಿದ್ದೇನೆ. ಒಂದು ಕಂತಿನಲ್ಲಿ ವಿಲ್ಸನ್ನನ ವಂಶದ ಹಿರಿಯನೊಬ್ಬ ತೀರಿಕೊಂಡು, ಅವನ ಹೆಸರಿನ ಹಿಂದೆ ‘ಆನರಬಲ್’ ಅಂಟಿಕೊಳ್ಳುತ್ತದೆ. ಮ್ಯಾನರಿಂಗ್ ವರ್ಷಗಟ್ಟಲೆ ಬಾಗಿಲು ಕಾದ ಗಾಲ್ಫ್ ಕ್ಲಬ್ಬು ವಿಲ್ಸನ್ನನನ್ನು ತಾನಾಗಿ ಕರೆದು ಮಣೆ ಹಾಕುತ್ತದೆ. ಆಗ ಮ್ಯಾನರಿಂಗ್ ಪಾತ್ರದ ಆರ್ಥರ್ ಲೋ ಅವರ ಮುಖ ನೋಡಬೇಕು. ಪ್ರಮೋಷನ್ ಪಟ್ಟಿಯಲ್ಲಿ ತನ್ನ ಜೂನಿಯರ್‌ನ ಹೆಸರು ಓದಿದ ಯಾರೇ ಆದರೂ ಆ ಮುಖವನ್ನು ಗುರುತಿಸಬಲ್ಲರು.

1973ರ ಇನ್ನೊಂದು ಕಂತಿನಲ್ಲಿ ಸೆರೆಸಿಕ್ಕ ಜರ್ಮನ್ ಸಬ್‌ಮೆರಿನ್‌ನವರನ್ನು ಒಂದು ರಾತ್ರಿ ಕಾಯುವ ಹೊಣೆ ಇವರ ತಲೆಗೆ ಬರುತ್ತದೆ. ಕೈದಿಗಳಿಗೆ ಊಟಕ್ಕೆ ಮೀನು ಮತ್ತು ಚಿಪ್ಸು ತರಿಸಬೇಕು; ಯಾರಿಗೆ ಏನು ಬೇಕೆಂದು ಆರ್ಡರ್ ಬರೆದುಕೊಳ್ಳುವುದೇ ಒಂದು ಪ್ರಸಂಗ. ಜರ್ಮನ್ ಕ್ಯಾಪ್ಟನ್ ತನ್ನ ಚಿಪ್ಸ್ ಮೆತ್ತಗಿರಬಾರದೆಂದು ತಾಕೀತು ಮಾಡುತ್ತಾನೆ. ಅವನ ಹತ್ತಿರ ಒಂದು ಪಟ್ಟಿಯಿದೆ. ಯುದ್ಧ ಗೆದ್ದ ಮೇಲೆ ನೋಡಿಕೊಳ್ಳಬೇಕಾದವರ ಹೆಸರು ಅದರಲ್ಲಿ ಸೇರುತ್ತದೆ. ಪೈಕ್ ಹಿಟ್ಲರನನ್ನು ಅಣಕಿಸಿ ಹಾಡುತ್ತಾನೆ. ನಿನ್ನ ಹೆಸರೇನು ಎಂದು ಗುಡುಗುತ್ತಾನೆ ಜರ್ಮನ್. ಹೆಸರು ಮಾತ್ರ ಹೇಳಬೇಡ ಎಂದು ಮ್ಯಾನರಿಂಗ್ ಸಾಹೇಬರು ಹುಡುಗನನ್ನು ಎಚ್ಚರಿಸುತ್ತಾರೆ, ಹೆಸರು ಹಿಡಿದು ಕರೆದೇ. ಬ್ರಿಟನ್ನಿನಲ್ಲಿ ಈ ಒಂದು ಸಾಲನ್ನು ಮಕ್ಕಳೂ ಬಲ್ಲರು.

ಆದರೆ ಈ ನಗುವಿನ ಕೆಳಗೆ ಮತ್ತೊಂದು ಲೆಕ್ಕವಿದೆ. ಆ ಕಾಲದಲ್ಲಿ ಚರ್ಚಿನ ಗಂಟೆ ಬಾರಿಸುವಂತಿರಲಿಲ್ಲ. ಬಾರಿಸಿದರೆ ಜರ್ಮನರು ಇಳಿದರು ಎಂದೇ ಅರ್ಥ. 1969ರ ಒಂದು ಕಂತಿನಲ್ಲಿ ಗಂಟೆ ಬಾರಿಸಿಯೇಬಿಡುತ್ತದೆ. ಊರಲ್ಲಿ ಸಿಕ್ಕ ಮೂರುಮತ್ತೊಂದು ಜನರನ್ನು ಕಟ್ಟಿಕೊಂಡು ಮ್ಯಾನರಿಂಗ್ ಹೊರಡುತ್ತಾರೆ. ಇವತ್ತು ನಾವು ಉಳಿಯುವುದಿಲ್ಲ, ಅದಕ್ಕೆ ಸಿದ್ಧರಿದ್ದೇವಲ್ಲವೆ ಎಂದು ಕೇಳುತ್ತಾರೆ. ಇದ್ದೇವೆ ಎನ್ನುತ್ತಾರೆ ಉಳಿದವರು. ಇಲ್ಲಿ ಯಾರೂ ನಗಿಸಲು ನೋಡುವುದಿಲ್ಲ. ಮರುಗಳಿಗೆಯಲ್ಲಿ ಅವರು ಪಡೆಯಲ್ಲೇ ಇರುವ ಗಾಡ್‌ಫ್ರೀ ತಾತನ ಕಾಟೇಜಿಗೆ ಬಂದು ಜರ್ಮನರು ಬರುತ್ತಿದ್ದಾರೆಂದರೆ, ತಾತನ ಅಕ್ಕತಂಗಿಯರಿಗೆ ಒಂದೇ ಚಿಂತೆ, ಇಷ್ಟೊಂದು ಜನಕ್ಕೆ ಟೀ ಸಾಲದಲ್ಲ ಎಂದು. ಸತ್ತೇವು ಎಂದು ಹೊರಟವರ ಕೈಗೆ ಟೀ ಕಪ್ಪು! ಈ ಸರಣಿಯ ಗುಟ್ಟು ಇಷ್ಟೇ ಅಂತ ನನ್ನ ಎಣಿಕೆ: ಮ್ಯಾನರಿಂಗ್ ಜಂಭಗಾರ, ಸಣ್ಣ ಮನಸ್ಸಿನವರು, ಆಗಾಗ ಪೆದ್ದರು ಕೂಡ, ಆದರೆ ಟ್ಯಾಂಕು ಎದುರು ಬಂದರೆ ರಸ್ತೆ ಬಿಟ್ಟು ಸರಿಯುವವರಲ್ಲ. ನಿಜವಾದ ಹೋಮ್ ಗಾರ್ಡ್ ಪಡೆಯಲ್ಲೂ ಕರ್ತವ್ಯದ ಮೇಲೆ 1,200ಕ್ಕೂ ಹೆಚ್ಚು ಮಂದಿ ಸತ್ತಿದ್ದಾರೆ.

ನಟರ ಕಥೆಯಂತೂ ಇನ್ನೂ ಸ್ವಾರಸ್ಯ. ಪಡೆಯಲ್ಲೆಲ್ಲ ಸೌಮ್ಯ, ಕವಾಯತಿನ ನಡುವೆ ಶೌಚಕ್ಕೆ ಅಪ್ಪಣೆ ಕೇಳುವ ಗಾಡ್‌ಫ್ರೀ ತಾತನಾದ ಆರ್ನಲ್ಡ್ ರಿಡ್ಲಿ ಮೊದಲ ಮಹಾಯುದ್ಧದ ಸೋಮ್ ಕದನದಲ್ಲಿ ತೀವ್ರವಾಗಿ ಗಾಯಗೊಂಡವರು, ಎರಡನೆಯದಕ್ಕೂ ಹೋದವರು. ಗಾಬರಿಬೀಳಬೇಡಿ ಎಂದು ಎಲ್ಲರಿಗಿಂತ ಹೆಚ್ಚು ಗಾಬರಿಯಿಂದ ಓಡಾಡುವ ಮುದಿ ಕಟುಕ ಜೋನ್ಸ್ ಆದ ಕ್ಲೈವ್ ಡನ್ನರಿಗೆ ಆಗಿನ್ನೂ ಐವತ್ತು ತುಂಬಿರಲಿಲ್ಲ. ಯುದ್ಧದಲ್ಲಿ ಜರ್ಮನರ ಕೈಗೆ ಸಿಕ್ಕು ವರ್ಷಗಟ್ಟಲೆ ಸೆರೆಯಲ್ಲಿದ್ದವರು. ವಿಲ್ಸನ್ ಆದ ಜಾನ್ ಲೆ ಮೆಜರರ್ ನಮ್ಮ ದೇಶದಲ್ಲೇ ಕ್ಯಾಪ್ಟನ್ ಆಗಿದ್ದರು. ಪೆರಿ ನಾಸಿಕದ ಹತ್ತಿರದ ದೇವಲಾಲಿಯಲ್ಲಿದ್ದು, ಆ ನೆನಪಿನಿಂದ ಕ್ರಾಫ್ಟರ ಜೊತೆ 1974ರಲ್ಲಿ ಇನ್ನೊಂದು ಸರಣಿ ಬರೆದರು. ಅದರಲ್ಲಿ ಬಿಳಿಯ ನಟರೊಬ್ಬರು ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಭಾರತೀಯರಾಗಿದ್ದರು. ಅದು ಹಳಸಿತು, ಇದು ಹಳಸಲಿಲ್ಲ. ಇಲ್ಲಿ ಅವರು ನಕ್ಕಿದ್ದು ತಮ್ಮ ಮೇಲೇ ಅಲ್ಲವೆ?

ನನ್ನಾಕೆಗೆ ಈ ಯುದ್ಧವೆಲ್ಲ ಬೇಕಿಲ್ಲ. ಅವಳ ಕುತೂಹಲವೇನಿದ್ದರೂ ಮ್ಯಾನರಿಂಗ್ ಸಾಹೇಬರ ಹೆಂಡತಿ ಎಲಿಜಬೆತ್ ಬಗ್ಗೆ. ಒಂಬತ್ತು ವರ್ಷದಲ್ಲಿ ಆಕೆಯ ಮುಖ ಒಮ್ಮೆಯೂ ಕಾಣುವುದಿಲ್ಲ. ಫೋನಿನಾಚೆಯ ಭಯವಾಗಿ ಮಾತ್ರ ಇರುತ್ತಾಳೆ. ಒಂದೇ ಒಂದು ಸಲ, ಮೇಲಿನ ಮಂಚದಲ್ಲಿ ಆಕೆ ಮಲಗಿದಾಗ ಹಾಸಿಗೆ ಜೋತುಬಿದ್ದು ಕೆಳಗಿದ್ದ ಸಾಹೇಬರ ಮೂಗಿನವರೆಗೆ ಇಳಿಯುತ್ತದೆ. “ಪಾಪ, ಅವಳಿಗೂ ಹೇಳೋದು ಇರುತ್ತೆ ರೀ,” ಅಂದಳು ನನ್ನಾಕೆ. “ಮನೆಗೆ ಬಂದಮೇಲೂ ಈ ಮನುಷ್ಯ ಮ್ಯಾನೇಜರೇ ಆಗಿದ್ರೆ, ಅವಳು ಇನ್ನೇನು ಮಾಡ್ಬೇಕಿತ್ತು?” ನಾನು ಟಿವಿಯ ದನಿ ಸ್ವಲ್ಪ ಏರಿಸಿದೆ.

ಹೊರಾಂಗಣದ ದೃಶ್ಯಗಳನ್ನು ಚಿತ್ರಿಸಿದ್ದು ನಾರ್ಫಕ್ ಕೌಂಟಿಯ ಥೆಟ್‌ಫರ್ಡ್ ಸುತ್ತಮುತ್ತ. ಆ ಊರಿನ ಒಂದು ಬೆಂಚಿನ ಮೇಲೆ 2010ರಿಂದ ಮ್ಯಾನರಿಂಗ್ ಸಾಹೇಬರ ಕಂಚಿನ ಪ್ರತಿಮೆ ಕೂತಿದೆ. ಪಕ್ಕದಲ್ಲಿ ಬಂದವರು ಕೂರಲು ಜಾಗ. ನಾನೂ ಬೆನ್ನು ನೆಟ್ಟಗೆ ಮಾಡಿ ಕೂತೆ. ಮಗಳು ಫೋಟೋ ತೆಗೆದು ಅವಳಮ್ಮನಿಗೆ ತೋರಿಸಿದಳು. ಅವಳು ಕನ್ನಡಕ ಏರಿಸಿ ಒಂದಿಷ್ಟು ಹೊತ್ತು ಪರಿಶೀಲಿಸಿ, ಇಬ್ಬರ ಮುಖದಲ್ಲೂ ಯಾರದೋ ಸಾಲದ ಅರ್ಜಿ ವಾಪಸ್ ಕಳಿಸಿದ ಕಳೆ ಇದೆ ಎಂದು ತೀರ್ಪು ಕೊಟ್ಟಳು.